ಪುಸ್ತಕ ಆಯ್ಕೆಯ ಮತದಾನ: ಬರುವ ಯುಗಾದಿಯಿಂದ ಹೊಸ ನಿಯಮ

ಮಾನ್ಯ ಓದುಗರೆ, ಕರಡು ತಿದ್ದುವ ಗೆಳೆಯರೆ,

ಹಕ್ಕುಸ್ವಾಮ್ಯದ ಅವಧಿ ಮುಗಿದ ಕನ್ನಡ ಪುಸ್ತಕಗಳಲ್ಲಿ ಯಾವುದನ್ನು ಮುಂದೆ ಇ-ಪುಸ್ತಕ ಮಾಡಬೇಕೆಂದು ನಮ್ಮ ಸಹಕಾರಿಯಲ್ಲಿ ಮತ ಹಾಕಿಯೇ ತೀರ್ಮಾನಿಸುತ್ತ ಬಂದಿದ್ದೇವೆ. ಇದುವರೆಗೆ ಖಾತೆ ತೆರೆದವರಿಗೆಲ್ಲ ಮತವಿತ್ತು. ಬರುವ ಯುಗಾದಿಯ ಮತದಾನದಿಂದ ಇದು ಬದಲಾಗುತ್ತದೆ. ಮತದಾನಕ್ಕೆ 60 ದಿನ ಮೊದಲೇ ಖಾತೆ ತೆರೆದು, ಹಿಂದಿನ ಒಂದು ವರ್ಷದಲ್ಲಿ ಕನಿಷ್ಠ 12 ದಿನ ಕೆಲಸ ಮಾಡಿದವರಿಗೆ ಮಾತ್ರ ಮತ. ಪುಸ್ತಕದ ಬೆಲೆ, ಚಂದಾ, ಈಗಾಗಲೇ ಕೊಂಡ ಪುಸ್ತಕಗಳು ಯಾವುದಕ್ಕೂ ಇದರಿಂದ ವ್ಯತ್ಯಾಸವಿಲ್ಲ.

ಹಳೆಯ ಅಚ್ಚಿನ ಪುಟವನ್ನು ಸ್ಕ್ಯಾನ್ ಮಾಡಿ ಯಂತ್ರಕ್ಕೆ ಓದಿಸಿದರೆ ಅದು ‘ಪ’ವನ್ನು ‘ಷ’ ಎಂದುಕೊಳ್ಳುತ್ತದೆ, ಒತ್ತಕ್ಷರ ನುಂಗುತ್ತದೆ, ಅರ್ಕಾವತ್ತನ್ನು ಒಂಬತ್ತರ ಅಂಕಿ ಮಾಡಿಬಿಡುತ್ತದೆ. ಒಬ್ಬರು ಕೂತು ಸಾಲು ಸಾಲಾಗಿ ತಿದ್ದಬೇಕು, ಇನ್ನೊಬ್ಬರು ಮೂಲ ಪುಟದ ಪಕ್ಕ ಇಟ್ಟು ಮತ್ತೆ ನೋಡಬೇಕು. ದಪ್ಪ ಪುಸ್ತಕವೊಂದು ಗೆದ್ದರೆ ತಿಂಗಳುಗಟ್ಟಲೆ ಅದರ ಭಾರ ಹೊರುವವರು ಇವರೇ. ಈಚೆಗೆ ಮತದಾನದ ವಾರದಲ್ಲೇ ಒಂದು ಪುಸ್ತಕದ ಅಭಿಮಾನಿಗಳು ಗುಂಪಾಗಿ ಬಂದು ಖಾತೆ ತೆರೆದು, ಮತ ಹಾಕಿ, ಆಮೇಲೆ ಇತ್ತ ತಲೆ ಹಾಕದಿರುವುದು ಹೆಚ್ಚಾಗಿದೆ. ಅವರ ಪುಸ್ತಕಪ್ರೀತಿಯನ್ನು ಅನುಮಾನಿಸುತ್ತಿಲ್ಲ. ಬೇರೆಯವರ ಬಿಡುವಿನ ಸಂಜೆಗಳು ಯಾವುದಕ್ಕೆ ಹೋಗಬೇಕೆಂದು ಅವರು ನಿರ್ಧರಿಸುವುದು ಮಾತ್ರ ನ್ಯಾಯವಲ್ಲ.

ಸ್ವಯಂಸೇವಕರಿಂದಲೇ ನಡೆಯುವ ದೊಡ್ಡ ಬಳಗಗಳು ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಎದುರಿಸಿವೆ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ನಿನ ಮಂಡಳಿ ಚುನಾವಣೆಗಳಲ್ಲಿ ಮತ ಹಾಕಲು ಸಂಪಾದಕರಿಗೆ ಒಟ್ಟು 300 ಸಂಪಾದನೆ (ಪುಟಗಳಲ್ಲಿ ಮಾಡಿದ ತಿದ್ದುಪಡಿ), ಅದರ ಜೊತೆ ಇತ್ತೀಚಿನ ತಿಂಗಳುಗಳಲ್ಲಿ 20 ಸಂಪಾದನೆ ಇರಬೇಕೆಂಬ ನಿಯಮ ಬಳಸಿದ್ದಾರೆ. ಕನ್ನಡ ವಿಕಿಪೀಡಿಯದಲ್ಲಿ ಬರೆಯುವ ನಿಮ್ಮಲ್ಲಿ ಕೆಲವರಿಗೆ ಇದು ಗೊತ್ತೇ ಇದೆ. ಎಲ್ಲರೂ ಸೇರಿ ರೂಪಿಸುವ ಲೋಕದ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಫೌಂಡೇಶನ್‌ನವರು ಎಣಿಸುವುದು ದಿನಗಳನ್ನು: ವರ್ಷದಲ್ಲಿ 42 ದಿನ ನಕ್ಷೆಗೆ ಕೆಲಸ ಮಾಡಿದವರು ಶುಲ್ಕವಿಲ್ಲದೆ ಸದಸ್ಯರಾಗಬಹುದು. ನಾವೂ ದಿನಗಳನ್ನೇ ಆರಿಸಿಕೊಂಡೆವು. ತಿದ್ದುಪಡಿಗಳನ್ನು ಎಣಿಸಿದರೆ ಅಲ್ಪವಿರಾಮ ಒಂದೊಂದಕ್ಕೂ ಸೇವ್ ಮಾಡುವವರು ಮುಂದಾಗುತ್ತಾರೆ, ಇಡೀ ಪುಟ ನಿಧಾನವಾಗಿ ಓದಿ ಒಮ್ಮೆ ಸೇವ್ ಮಾಡುವವರು ಹಿಂದಾಗುತ್ತಾರೆ.

ಕೆಲಸವೆಂದರೆ ಯಾವುದು ಎಂಬುದರ ಮೇಲೆ ನಮ್ಮಲ್ಲಿ ಹೆಚ್ಚು ಚರ್ಚೆಯಾಯಿತು. ಡೆಬಿಯನ್ ಎಂಬ ಮುಕ್ತ ಕಂಪ್ಯೂಟರ್ ವ್ಯವಸ್ಥೆಯನ್ನು ಕಟ್ಟುವ ಬಳಗ 2010ರಲ್ಲಿ, ಸಾಫ್ಟ್‌ವೇರ್ ಪ್ಯಾಕೇಜು ಮಾಡದೆ ಅನುವಾದ, ದಾಖಲೆಗಳಂಥ ಕೆಲಸ ಮಾಡುವವರಿಗೂ ಪೂರ್ಣ ಸದಸ್ಯತ್ವದ ಬಾಗಿಲು ತೆರೆಯಿತು. ಅದು ನಮಗೆ ಸರಿಯೆನಿಸಿತು. ಕರಡು ತಿದ್ದುವುದರ ಜೊತೆಗೆ ಸ್ಕ್ಯಾನ್ ಮಾಡುವುದು, ಹೊಸಬರಿಗೆ ಕೆಲಸ ಹೇಳಿಕೊಡುವುದು, ತಪ್ಪು ಕಂಡು ನಮಗೆ ತಿಳಿಸುವುದು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಸ್ಕ್ರೀನ್ ರೀಡರಿನಲ್ಲಿ ಕೇಳಿ ಓದುವ ಅಂಧ ಗ್ರಾಹಕರು ಕಣ್ಣಿಗೆ ಬೀಳದ ತಪ್ಪುಗಳನ್ನು ಕಿವಿಯಿಂದ ಹಿಡಿದು ಬರೆದು ಕಳಿಸುತ್ತಾರೆ. ಅವರು ಹಾಗೆ ಬರೆದ ದಿನವೂ ಕೆಲಸದ ದಿನವೇ.

ಹೆಚ್ಚು ಪುಟ ತಿದ್ದಿದವರಿಗೆ ಹೆಚ್ಚು ಮತ ಕೊಡಿ ಎಂಬ ಸಲಹೆಯೂ ಬಂದಿತ್ತು. ಅದನ್ನು ಒಪ್ಪಲಿಲ್ಲ. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡು ಇದು. ಎಷ್ಟೇ ಷೇರಿದ್ದರೂ ಸದಸ್ಯರೊಬ್ಬರಿಗೆ ಒಂದೇ ಮತ ಎಂಬ ಸಹಕಾರ ತತ್ವವನ್ನು ಪುಟಗಳ ಲೆಕ್ಕದಲ್ಲಿ ಬಿಟ್ಟುಕೊಡಲು ನಮಗೆ ಮನಸ್ಸಿಲ್ಲ.

ಕಾಯಿಲೆ, ಬಾಣಂತನ, ಪರೀಕ್ಷೆಗಳಿಂದ ಈ ವರ್ಷ ದಿನ ತುಂಬದವರು ಒಂದು ಸಾಲು ಬರೆದು ತಿಳಿಸಿದರೆ ಹಿಂದಿನ ವರ್ಷದ ಕೆಲಸ ನೋಡಿ ಹೆಸರು ಸೇರಿಸುತ್ತೇವೆ. ಪುರಾವೆ ಕೇಳುವುದಿಲ್ಲ. ಮತದಾನಕ್ಕೆ 30 ದಿನ ಮೊದಲು ಪಟ್ಟಿ ಪ್ರಕಟವಾಗುತ್ತದೆ, ಆಕ್ಷೇಪಣೆಗೆ 15 ದಿನ ಸಮಯ. ಹೆಸರು ಬಿಟ್ಟರೆ ಕಾರಣವನ್ನು ಬರೆದೇ ತಿಳಿಸುತ್ತೇವೆ.

ಪುಸ್ತಕ ಸೂಚಿಸುವ ಅವಕಾಶ ಎಂದಿನಂತೆ ಎಲ್ಲ ಗ್ರಾಹಕರಿಗೂ ಇದೆ. ನಿಮ್ಮ ಕೆಲಸದ ದಿನಗಳ ಲೆಕ್ಕ ಖಾತೆಯ ಪುಟದಲ್ಲಿ ಇಂದಿನಿಂದಲೇ ಕಾಣುತ್ತದೆ. ಕಡಿಮೆಯಿದ್ದರೆ ಯುಗಾದಿಗೆ ಇನ್ನೂ ಸಮಯವಿದೆ, ತಿದ್ದಬೇಕಾದ ಪುಟಗಳೂ ಬೇಕಾದಷ್ಟಿವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)