ಸೇತುವೆ ಹುಳುಗಳಿಗೆ ಫಾಗಿಂಗ್ ಬೇಡ

ಮಾನ್ಯರೇ,

ಕುಣಿಗಲ್ ತಾಲ್ಲೂಕಿನಲ್ಲಿ, ಮಾರ್ಕೋನಹಳ್ಳಿ ಜಲಾಶಯದ ಕೆಳಗೆ ಶಿಂಷಾ ಹೊಳೆಯ ಸೇತುವೆ ಪಕ್ಕ ನನ್ನದೊಂದು ಟೀ ಅಂಗಡಿ ಇದೆ. ಕಳೆದ ವಾರ ಮಳೆ ಬಿಟ್ಟ ಸಂಜೆ, ಬೀದಿದೀಪ ಹತ್ತಿಕೊಂಡದ್ದೇ ತಡ, ಹುಳು ಮುತ್ತಿಕೊಂಡವು. ಹಾಲಿನ ಪಾತ್ರೆಗೆ ತಟ್ಟೆ ಮುಚ್ಚುವಷ್ಟರಲ್ಲಿ ನಾಲ್ಕಾರು ಬಿದ್ದಾಗಿತ್ತು. ಬೆಳಿಗ್ಗೆ ನೋಡಿದರೆ ಕಂಬದ ಬುಡದಲ್ಲಿ ರಾಗಿ ತೂರಿದ ಹೊಟ್ಟಿನಂತೆ ರಾಶಿ. ಅದರ ಮೇಲೆ ಒಬ್ಬರು ಬೈಕಿನಿಂದ ಜಾರಿಬಿದ್ದರು. ಈಗ ಫಾಗಿಂಗ್ ಮಾಡಿಸಿ ಎಂದು ಊರಲ್ಲಿ ಅರ್ಜಿ ತಿರುಗುತ್ತಿದೆ. ನಾನು ಸಹಿ ಹಾಕಿಲ್ಲ.

ಎಲ್ಲರೂ ಇವನ್ನು ಈಚಲು ಹುಳು ಅನ್ನುತ್ತಿದ್ದಾರೆ. ಅಲ್ಲ. ಈಚಲು ಏಳುವುದು ಹುತ್ತದಿಂದ, ರೆಕ್ಕೆ ಉದುರಿಸಿ ನೆಲದ ಮೇಲೆ ಹರಿದಾಡುತ್ತದೆ. ಇವು ಚಿಟ್ಟೆಯಂತೆ ರೆಕ್ಕೆ ನೆಟ್ಟಗೆ ಮಡಚಿ ಕೂರುತ್ತವೆ, ಹಿಂದೆ ಕೂದಲೆಳೆಯಂಥ ಎರಡೋ ಮೂರೋ ಬಾಲ. ಹೆಸರು ಮೇಫ್ಲೈ. ಮರಿ ನೀರಿನಲ್ಲಿ ಕಲ್ಲಿನಡಿ, ಮರಳಿನಲ್ಲಿ ವಾರಗಟ್ಟಲೆ, ಕೆಲವು ಜಾತಿಯಲ್ಲಿ ವರ್ಷದಷ್ಟು ಕಾಲ ಬೆಳೆಯುತ್ತದೆ. ರೆಕ್ಕೆ ಬಂದ ಮೇಲೆ ಹೆಚ್ಚಿನವಕ್ಕೆ ಒಂದೆರಡು ದಿನದ ಆಯುಸ್ಸು. ಆಹಾರ ತಿನ್ನುವ ಬಾಯಿಯೇ ಇಲ್ಲ, ಇನ್ನು ಕಚ್ಚುವುದೆಲ್ಲಿ ಬಂತು?

ಮರಿ ಉಸಿರಾಡುವುದು ಕಿವಿರಿನಿಂದ. ಚರಂಡಿ ನೀರು ಸೇರಿ ಆಮ್ಲಜನಕ ಇಳಿದರೆ ಮೊದಲು ಸಾಯುವವುಗಳಲ್ಲಿ ಇವೂ ಸೇರಿವೆ. ಅಮೆರಿಕ-ಕೆನಡಾ ಗಡಿಯ ಈರಿ ಸರೋವರದಲ್ಲಿ 1950ರ ದಶಕದಲ್ಲಿ ಹೀಗೇ ಕಾಣೆಯಾಗಿದ್ದವು. ನೀರು ಸುಧಾರಿಸಿ 1990ರ ದಶಕದಲ್ಲಿ ಮರಳಿದಾಗ ಅವುಗಳ ಹಿಂಡು ಹವಾಮಾನ ರೇಡಾರಿನಲ್ಲೇ ಕಾಣುವಷ್ಟಿತ್ತು.

ಹಾಗೆಂದು ಒಂದು ಸಂಜೆಯ ಹುಳು ನೋಡಿ ಶಿಂಷೆಗೆ ಸರ್ಟಿಫಿಕೇಟ್ ಕೊಡುತ್ತಿಲ್ಲ. ನಿಂತ ನೀರನ್ನು ಸಹಿಸುವ ಮೇಫ್ಲೈ ಜಾತಿಗಳೂ ಇವೆ. ಕೊಳಚೆ ತುಂಬಿದ ಕೆರೆಗಳ ಮೇಲೆ ಹೊಗೆಯಂತೆ ಏಳುವುದು ಬೇರೆಯೇ ಹುಳು, ಸೊಳ್ಳೆಯಂತಿದ್ದರೂ ಕಚ್ಚದು, ಅದರ ಕೆಂಪು ಮರಿಗೆ ಕಡಿಮೆ ಆಮ್ಲಜನಕವೂ ಸಾಕು. ಬಾಲ ನೋಡದೆ ಎಲ್ಲಕ್ಕೂ ಒಂದೇ ಔಷಧಿ ಹೊಡೆಯುವುದು ಯಾವ ಲೆಕ್ಕ? ಫಾಗಿಂಗಿನಲ್ಲಿ ಬಳಸುವ ಪೈರೆಥ್ರಾಯ್ಡ್ ಔಷಧಿ ಹೊಳೆಗೆ ಬಿದ್ದರೆ ನೀರಿನ ಹುಳಕ್ಕೂ ಮೀನಿಗೂ ವಿಷ.

ಈ ಹುಳು ಬರುವ ನಾಲ್ಕಾರು ಸಂಜೆ ಸೇತುವೆಯ ಬಿಳಿ ದೀಪ ಎರಡು ಗಂಟೆ ಆರಿಸಲಿ, ಇಲ್ಲವೇ ಹಳದಿ ದೀಪ ಹಾಕಲಿ. ಬೆಳಿಗ್ಗೆ ರಸ್ತೆ ಗುಡಿಸಲು ನಾನೇ ಪೊರಕೆ ಹಿಡಿಯುತ್ತೇನೆ. ಅರ್ಜಿ ಬರೆಯಲೇಬೇಕು ಎಂದಿದ್ದರೆ, ರಾತ್ರಿ ಇದೇ ಹೊಳೆಯಿಂದ ಟ್ರ್ಯಾಕ್ಟರಿನಲ್ಲಿ ಹೋಗುವ ಮರಳಿನ ಬಗ್ಗೆ ಬರೆಯಲಿ, ಅದಕ್ಕೆ ಸಹಿ ಹಾಕುತ್ತೇನೆ.

– ಟೀ ಅಂಗಡಿಯವ, ಕುಣಿಗಲ್ ತಾಲ್ಲೂಕು, ತುಮಕೂರು ಜಿಲ್ಲೆ