ತಿಲಕರ ಕಡತಗಳ ಕನ್ನಡ ಸೂಚಿ ಮುಗಿಯಿತು: ಕೈಜೋಡಿಸಿದವರಿಗೆ ನಮಸ್ಕಾರ

ಹಳೆಯ ಮುಂಬಯಿ ಸರ್ಕಾರದ ದಾಖಲೆಗಳಲ್ಲಿ ಲೋಕಮಾನ್ಯ ತಿಲಕರ ರಾಜಕೀಯ ಜೀವನಕ್ಕೆ ಸೇರಿದ ಕಾಗದಪತ್ರಗಳ ಕನ್ನಡ ಸೂಚಿ ಸಿದ್ಧವಾಗಿದೆ. ಮಾಟುಂಗ, ಡೊಂಬಿವಲಿ, ಪುಣೆಯ ಕನ್ನಡಿಗರು ಬಿಡುವು ಮಾಡಿಕೊಂಡು ನಡೆಸಿದ ಕೆಲಸವಿದು. ಹೆಸರು ಹಾಕಬೇಡಿ ಎಂದು ಬಹಳ ಮಂದಿ ಕೇಳಿಕೊಂಡಿದ್ದಾರೆ. ಆದ್ದರಿಂದ ಇಲ್ಲಿರುವುದು ಯಾರು ಯಾವ ಗಂಟು ಬಿಡಿಸಿದರು ಎಂಬುದಷ್ಟೇ.

ತಿಲಕರ ಕಾಗದಗಳಿಗೆ ಕನ್ನಡದ ಸೂಚಿ ಯಾಕೆ ಎಂದು ಕೇಳಿದವರಿದ್ದಾರೆ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಆಗ ಮುಂಬಯಿ ಆಡಳಿತದಲ್ಲೇ ಇದ್ದವು, 1956ರವರೆಗೂ ಇದ್ದವು. ಆ ಜಿಲ್ಲೆಗಳ ಮೇಲೆ ಸರ್ಕಾರ ಇಟ್ಟ ಕಣ್ಣಿನ ಲೆಕ್ಕವೆಲ್ಲ ಮುಂಬಯಿ ಕೋಟೆ ಪ್ರದೇಶದಲ್ಲಿ, ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರದಲ್ಲಿದೆ.

ಮೊದಲ ನಮಸ್ಕಾರ ಅಲ್ಲಿನ ವಾಚನಾಲಯದ ಸಿಬ್ಬಂದಿಗೆ, ಅದಕ್ಕೂ ಮೊದಲು ಕಟ್ಟುಗಳನ್ನು ಹೊತ್ತು ತಂದವರಿಗೆ. ಚೀಟಿಯಲ್ಲಿ ‘ತಿಲಕ್, 1897’ ಎಂದು ಬರೆದುಕೊಟ್ಟರೆ ಏನೂ ಬರುವುದಿಲ್ಲ. ಇಲಾಖೆ, ವರ್ಷ, ಸಂಪುಟ, ಕಂಪೈಲೇಷನ್ (ಒಂದು ವಿಷಯದ ಕಾಗದಗಳ ಕಂತೆ) ಸಂಖ್ಯೆ, ಈ ನಾಲ್ಕೂ ಬೇಕು. ಒಂದು ತಪ್ಪಿದರೂ ಬೇರೆ ಯಾವುದೋ ಕಟ್ಟು ಮೇಜಿಗೆ ಬರುತ್ತದೆ. ಹಳೆಯ ಅನುಕ್ರಮಣಿಕೆಯಲ್ಲಿ ‘ಟಿ’ ಅಕ್ಷರವೊಂದನ್ನೇ ನೋಡಿ ನಿಲ್ಲಬಾರದು. ‘ಬಾಲ್ ಗಂಗಾಧರ್’ ಎಂದು ‘ಬಿ’ಯಲ್ಲಿ, ‘ಪೂನಾ’, ‘ಕೇಸರಿ’ (ತಿಲಕರ ಮರಾಠಿ ಪತ್ರಿಕೆ), ‘ಪ್ರೆಸ್’, ‘ಸೆಡಿಷನ್’ (ರಾಜದ್ರೋಹ) ಎಂಬ ತಲೆಬರಹಗಳಲ್ಲಿ ಹುಡುಕಬೇಕು. 1897ರ ಮೊದಲ ರಾಜದ್ರೋಹದ ಖಟ್ಲೆಯ ಕಾಲದ ಕಾಗದಗಳಿಗೆ ನ್ಯಾಯ ಇಲಾಖೆ, ಆಮೇಲಿನ ಪೊಲೀಸ್ ಕಣ್ಗಾವಲಿಗೆ ಗೃಹ ಇಲಾಖೆಯ ವಿಶೇಷ ಶಾಖೆ ಎಂದು ಅನುಭವಸ್ಥ ಗುಮಾಸ್ತರು ತಿಳಿಸಿಕೊಟ್ಟಿದ್ದರಿಂದಲೇ ಕೆಲಸ ಸಾಗಿತು.

ಕಾಗದ ಸಂರಕ್ಷಣೆ ಬಲ್ಲ ಇಬ್ಬರು ಪುಟ ಮುಟ್ಟುವ ಕ್ರಮ ಕಲಿಸಿದರು. ಹಳೆಯ ಕಬ್ಬಿಣಾಂಶದ ಶಾಯಿ ಆಮ್ಲೀಯ. ಗೀಚು ದಪ್ಪವಿದ್ದಲ್ಲಿ ಕಾಗದವನ್ನೇ ತಿಂದು ತೂತು ಮಾಡುತ್ತದೆ. ಅಂಥ ಹಾಳೆಯನ್ನು ಮೂಲೆ ಹಿಡಿದು ಎತ್ತಿದರೆ ಸಾಲಿಗೆ ಸಾಲೇ ಉದುರುತ್ತದೆ; ಅಡಿಗೆ ದಪ್ಪ ಕಾಗದ ತೂರಿಸಿ ಮಗುಚಬೇಕು. ಮುಂಬಯಿ ಮಳೆಗಾಲದ ತೇವದಲ್ಲಿ ಹಾಳೆಗಳು ಒಂದಕ್ಕೊಂದು ಅಂಟಿರುತ್ತವೆ. ಅವನ್ನು ಬಿಡಿಸುವುದು ಓದುಗರ ಕೆಲಸವಲ್ಲ, ಸಿಬ್ಬಂದಿಗೆ ಹೇಳಬೇಕು. ಫೋಟೊಗೆ ಅನುಮತಿ ಸಿಕ್ಕಾಗ ಫ್ಲ್ಯಾಷ್ ಆರಿಸಿ, ಮೊದಲು ಕಟ್ಟಿನ ಹೊದಿಕೆ, ಆಮೇಲೆ ಪ್ರತಿ ಹಾಳೆಯ ಎರಡೂ ಮಗ್ಗುಲು. ಹಿಂಬದಿ ಖಾಲಿ ಎಂದು ಬಿಟ್ಟರೆ, ಅಲ್ಲಿ ಪೆನ್ಸಿಲಿನಲ್ಲಿ ಗೀಚಿದ ಅಧಿಕಾರಿಯ ಟಿಪ್ಪಣಿ ತಪ್ಪಿಹೋಗುತ್ತದೆ. ಮುಂದೆ ಅಚ್ಚುಕಟ್ಟಾಗಿ ಬರೆದ ಪತ್ರಕ್ಕಿಂತ ಹಿಂದಿನ ಗೀಚು ಎಷ್ಟೋ ಸಲ ಹೆಚ್ಚು ನಿಜ ಹೇಳುತ್ತದೆ!

ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿ ಬಲ್ಲ ಪುಣೆಯ ಹಿರಿಯರ ಋಣ ದೊಡ್ಡದು. ಮೋಡಿಯಲ್ಲಿ ಪದಪದಗಳ ನಡುವೆ ಜಾಗ ಬಿಡುವುದಿಲ್ಲ. ಇ-ಈ, ಉ-ಊ ಭೇದವೂ ಸಾಮಾನ್ಯವಾಗಿ ಕಾಣುವುದಿಲ್ಲ. ಮರಾಠಿ ಚೆನ್ನಾಗಿ ಬಂದರೆ ಸಾಲದು, ಆ ಕಾಲದ ದಫ್ತರದ ಮರಾಠಿ ಬರಬೇಕು. ಅವರು ಮೊದಲು ತಾರೀಖು, ಊರು, ವ್ಯಕ್ತಿಯ ಹೆಸರು ಗುರುತು ಹಾಕಿಕೊಂಡು, ಆಮೇಲೆ ವಾಕ್ಯ ಒಡೆಯುತ್ತಿದ್ದರು. ಸೂಚಿಯಲ್ಲೂ ಅದೇ ಕ್ರಮ ಉಳಿದಿದೆ.

ತಾರೀಖು ಸರಿನೋಡಲು ಅವರು ಕೊಟ್ಟ ಒಂದು ಉಪಾಯ ಎಲ್ಲರಿಗೂ ಬೇಕಾದದ್ದು. ‘ಕೇಸರಿ’ ಆಗ ಮಂಗಳವಾರದ ಪತ್ರಿಕೆ. 1897ರ ಖಟ್ಲೆಗೆ ಕಾರಣವಾದ ಜೂನ್ 15ರ ಸಂಚಿಕೆ, 1908ರ ಖಟ್ಲೆಯ ಮೇ 12 ಮತ್ತು ಜೂನ್ 9ರ ಸಂಚಿಕೆಗಳು ಮೂರೂ ಮಂಗಳವಾರಗಳೇ. ಕಡತದಲ್ಲಿ ‘ಕೇಸರಿ’ಯ ತಾರೀಖು ವಾರದ ಬೇರೆ ದಿನಕ್ಕೆ ಬಂದರೆ, ಅಂಕಿ ಓದಿದ್ದು ತಪ್ಪು ಅಥವಾ ಅದು ಅನುವಾದದ ತಾರೀಖು ಎಂದು ಅನುಮಾನಿಸಬೇಕು.

ಎಲ್ಲಕ್ಕಿಂತ ಹೆಚ್ಚು ಬೆವರಿಳಿಸಿದ್ದು 1916ರ ಬೆಳಗಾವಿ ಭಾಷಣ. ಆ ಏಪ್ರಿಲ್‌ನಲ್ಲಿ ಬೆಳಗಾವಿಯಲ್ಲಿ, ಸ್ವಯಮಾಡಳಿತ ಕೇಳುವ ತಿಲಕರ ಹೋಂ ರೂಲ್ ಲೀಗ್ ಹುಟ್ಟಿತು. ಜೋಸೆಫ್ ಬ್ಯಾಪ್ಟಿಸ್ಟಾ ಅಧ್ಯಕ್ಷರು. ಮೇ 1ರಂದು ತಿಲಕರು ಅಲ್ಲಿ ಮರಾಠಿಯಲ್ಲಿ ಮಾತಾಡಿದರು. ಅದಕ್ಕೂ ಅಹಮದ್‌ನಗರದ ಎರಡು ಭಾಷಣಗಳಿಗೂ ಸೇರಿಸಿ ಪುಣೆಯ ಜಿಲ್ಲಾ ಮ್ಯಾಜಿಸ್ಟ್ರೇಟ್ ಒಳ್ಳೆಯ ನಡತೆಗೆ 20,000 ರೂಪಾಯಿಯ ಮುಚ್ಚಳಿಕೆ, ತಲಾ 10,000ದ ಇಬ್ಬರ ಜಾಮೀನು ಕೇಳಿದರು. ನವೆಂಬರ್ 9ರಂದು ಹೈಕೋರ್ಟ್ ಆ ಆದೇಶ ರದ್ದುಮಾಡಿತು. ತಿಲಕರ ಪರ ವಾದಿಸಿದವರು ಜಿನ್ನಾ. ಇಷ್ಟು ಪುಸ್ತಕಗಳಲ್ಲೇ ಸಿಗುತ್ತದೆ. ತೊಡಕಿರುವುದು ಭಾಷಣದ ಪಾಠದಲ್ಲಿ: ಪೊಲೀಸ್ ಶೀಘ್ರಲಿಪಿಕಾರ ಬರೆದುಕೊಂಡದ್ದು, ಅದನ್ನು ಮರಾಠಿಯಲ್ಲಿ ಬಿಡಿಸಿದ್ದು, ಅದರ ಇಂಗ್ಲಿಷ್ ಅನುವಾದ, ಕೋರ್ಟಿಗೆ ಹೋದ ಪ್ರತಿ, ಪತ್ರಿಕೆಯಲ್ಲಿ ಅಚ್ಚಾದದ್ದು. ಇವನ್ನೆಲ್ಲ ‘ತಿಲಕರ ಭಾಷಣ’ ಎಂಬ ಒಂದೇ ಸಾಲಿನಲ್ಲಿ ಹಾಕಿದರೆ ಸೂಚಿ ಕೆಟ್ಟಂತೆ. ಯಾವುದು ಯಾವುದರ ನಕಲು, ಯಾವ ಭಾಷೆ, ಯಾರ ಕೈಬರಹ ಎಂಬ ಮೂರು ಅಂಕಣಗಳನ್ನು ಬೇರೆಯಾಗಿ ಇಡಿ ಎಂದು ಪಟ್ಟುಹಿಡಿದ ವಕೀಲ ಮಿತ್ರರಿಗೆ ವಿಶೇಷ ಧನ್ಯವಾದ. 1897ರ ತೀರ್ಪು ಇಂಡಿಯನ್ ಲಾ ರಿಪೋರ್ಟ್ಸ್ ಮುಂಬಯಿ ಮಾಲೆಯ 22ನೇ ಸಂಪುಟದಲ್ಲಿ 112ನೇ ಪುಟದಿಂದ ಇದೆ ಎಂದು ತೋರಿಸಿ, ಕಡತದ ನಕಲನ್ನು ಅದರೊಡನೆ ಹೋಲಿಸಿ ಕೊಟ್ಟವರೂ ಅವರೇ.

ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ ಪಟಲ ಜಾಲತಾಣದಲ್ಲಿ ಕೇಂದ್ರ ಗೃಹ ಇಲಾಖೆಯ ರಾಜಕೀಯ ಕಡತಗಳನ್ನು ಜಾಲಾಡಿದ ಹುಡುಗ ಹುಡುಗಿಯರಿಗೂ ಶಾಭಾಷ್. ಅಲ್ಲಿ ಎ, ಬಿ, ಡಿಪಾಸಿಟ್ ಎಂದು ಮೂರು ದರ್ಜೆ. ಡಿಪಾಸಿಟ್ ಎಂದರೆ ಕಡಿಮೆ ಮಹತ್ವದ್ದೆಂದು ಎತ್ತಿಟ್ಟ ದರ್ಜೆ; ಕಸ ಎಂದುಕೊಂಡು ಬಿಡಬಾರದು.

ಕಡತಗಳ ಸೂಚಿ ಮುಗಿದರೂ ಉಳಿದಿರುವುದು ಕನ್ನಡ ಪತ್ರಿಕೆಗಳ ಭಾಗ. ಸರ್ಕಾರದ ಓರಿಯೆಂಟಲ್ ಟ್ರಾನ್ಸ್‌ಲೇಟರ್ ಕಚೇರಿ ದೇಶೀ ಪತ್ರಿಕೆಗಳ ಸಾರವನ್ನು ವಾರವಾರ ಇಂಗ್ಲಿಷಿನಲ್ಲಿ ಅಚ್ಚುಹಾಕುತ್ತಿತ್ತು. ಪತ್ರಿಕೆಗಳ ಪಟ್ಟಿಯಲ್ಲಿ ಸಂಪಾದಕರ ಹೆಸರು, ಜಾತಿ, ವಯಸ್ಸು, ಪ್ರಸಾರ ಸಂಖ್ಯೆ ಕೂಡ. ಧಾರವಾಡ ಕಡೆಯ ಪತ್ರಿಕೆಗಳು ತಿಲಕರ ಬಗ್ಗೆ ಬರೆದದ್ದು ಅಲ್ಲಿ ನಾಲ್ಕಾರು ಸಾಲಿನ ಸಾರವಾಗಿ ಮಾತ್ರ ಇದೆ, ಅದೂ ಅನುವಾದಕರು ಆರಿಸಿದಷ್ಟು. ಮೂಲ ಸಂಚಿಕೆ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ಸೆಲ್ಲೋ ಟೇಪ್ ಹಚ್ಚಬೇಡಿ, ಬಿಸಿ ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಲಿಗೆ ಒಡ್ಡಬೇಡಿ. ಮಡಿಕೆ ಬಿಚ್ಚಲು ಬಂದಷ್ಟನ್ನೇ ಬಿಚ್ಚಿ, ಕಿಟಕಿಯ ನೆರಳು ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು, ಪತ್ರಿಕೆಯ ಹೆಸರೂ ತಾರೀಖೂ ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿ. ಮೂಲ ನಿಮ್ಮಲ್ಲೇ ಇರಲಿ. ಸೂಚಿಯಲ್ಲಿ ‘ಖಾಸಗಿ ಸಂಗ್ರಹ’ ಎಂದಷ್ಟೇ ಬರುತ್ತದೆ.