ಮುಯ್ ಅಲ್ಲ, ಮುಚಾ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ವೆಲೆನ್ಸಿಯಾಕ್ಕೆ ಹೋಗಿ ಎರಡೇ ವಾರದಲ್ಲಿ ಸ್ಪ್ಯಾನಿಷ್ ಮಾತಾಡೋಕೆ ಶುರು ಮಾಡಿದ್ದೀಯ ಅಂತ ನಿಮ್ಮಪ್ಪ ಹೇಳಿದ. ‘ಮುಯ್ ಆಂಬ್ರೆ’ ಅಂದಿದ್ದಕ್ಕೆ ರೂಮಿನವರೆಲ್ಲ ನಕ್ಕರಂತಲ್ಲ. ಬೇಜಾರು ಮಾಡ್ಕೋಬೇಡ. ನೀನು ಇಂಗ್ಲಿಷಿನ ಬಾಗಿಲಿಂದ ಹೋದೆ, ಅಷ್ಟೇ.

‘ವೆರಿ ಹಂಗ್ರಿ’ಯ ವೆರಿಗೆ ಮುಯ್ ಹಾಕಿದೆ. ಅಲ್ಲಿನವರಿಗೆ ಹಸಿವು ಅನ್ನೋದು ನಾಮಪದ, ನಮ್ಮ ಹಾಗೇ. ನನಗೆ ತುಂಬಾ ಹಸಿವು ಅನ್ನೋದನ್ನು ‘ತೆಂಗೊ ಮುಚಾ ಆಂಬ್ರೆ’ ಅಂತಾರೆ. ಬಾಯಾರಿಕೆ, ನಿದ್ದೆ, ಚಳಿ, ಭಯ ಎಲ್ಲಕ್ಕೂ ಇದೇ ದಾರಿ. ದಣಿದಿದ್ದೀನಿ ಅನ್ನುವಾಗ ಮಾತ್ರ ಮುಯ್ ಬೇಕು, ಅಲ್ಲಿ ಅದು ಗುಣವಾಚಕ: ‘ಮುಯ್ ಕನ್ಸಾದಾ’. ಮೊದಲು ಕನ್ನಡದಲ್ಲಿ ಹೇಳಿಕೊಂಡು ನೋಡು, ಅರ್ಧ ತೊಡಕು ಅಲ್ಲೇ ಬಿಡುತ್ತದೆ.

ಉಳಿದ ಅರ್ಧಕ್ಕೆ ಕನ್ನಡವೂ ಸಾಲದು. ನಮ್ಮ ‘ತುಂಬಾ’ ಕಾಫಿಗೂ ಸರಿ, ಕಿತ್ತಳೆಗೂ ಸರಿ. ಇಂಗ್ಲಿಷಿನಲ್ಲಿ ಮಚ್, ಮೆನಿ ಅಂತ ಎರಡು. ಸ್ಪ್ಯಾನಿಷಿನಲ್ಲಿ ವಸ್ತುವಿನ ಲಿಂಗ, ವಚನ ನೋಡಿ ನಾಲ್ಕು ರೂಪ: ಮುಚೊ ಕಫೆ (ಕಾಫಿ), ಮುಚಾ ಲೆಚೆ (ಹಾಲು), ಮುಚೋಸ್ ಲಿಬ್ರೋಸ್ (ಪುಸ್ತಕಗಳು), ಮುಚಾಸ್ ನರಾಂಹಾಸ್ (ಕಿತ್ತಳೆಗಳು). ತುಂಬಾ ಜನ ಅನ್ನೋಕೆ ‘ಮುಚಾ ಹೆಂತೆ’, ಏಕವಚನ. ನಾವೂ ತುಂಬಾ ಜನಗಳು ಅನ್ನೋದಿಲ್ಲ ಅಲ್ವಾ?

ಫ್ರಿಜ್ ತೆಗೆದು ‘ಆಯ್ ಉನ್ ಪೋಕೊ ದೆ ಲೆಚೆ’ ಅಂದರೆ ಸ್ವಲ್ಪ ಹಾಲಿದೆ, ಕಾಫಿ ಆಗುತ್ತೆ. ‘ಆಯ್ ಪೋಕಾ ಲೆಚೆ’ ಅಂದರೆ ಹಾಲು ಕಮ್ಮಿ ಇದೆ, ಅಂಗಡಿಗೆ ಹೋಗು. ಪಾತ್ರೆಯಲ್ಲಿರೋದು ಅದೇ ಹಾಲು! ‘ಉನ್ ಪೋಕೊ ದೆ’ ಬಂದಾಗ ಪೋಕೊ ಬದಲಾಗೋದಿಲ್ಲ, ಅದನ್ನೂ ನೆನಪಿಟ್ಟುಕೋ.

ಅಂಗಡಿಯಲ್ಲಿ ಚೀಸ್ ತಗೊಳ್ಳುವಾಗ ‘ಕ್ವಾರ್ತೊ ಇ ಮಿತಾದ್’ ಅಂತ ಕೇಳಿ ನೋಡು. ಕಾಲು ಕೆಜಿ, ಅದರ ಮೇಲೆ ಅದರರ್ಧ, ಅಂದರೆ 375 ಗ್ರಾಂ. ಅಜ್ಜಿ ಪಾವಿನ ಮೇಲೆ ಅರ್ಧಪಾವು ಅಕ್ಕಿ ಹಾಕ್ತಿದ್ದರಲ್ಲ, ಥೇಟ್ ಹಾಗೇ. ನನಗಂತೂ ಇದು ತುಂಬಾ ಇಷ್ಟ. ಅಷ್ಟು ಚೀಸ್ ನಿನಗೊಬ್ಬಳಿಗೆ ಜಾಸ್ತಿ ಆಗಬಹುದು, ಅದು ಬೇರೆ ಮಾತು.

ನೀನು ಓದ್ತಿರೋದು ವಾಣಿಜ್ಯ, ಅದಕ್ಕೆ ನನ್ನ ಮಾನ ಹೋದ ಕಥೆಯನ್ನೂ ಹೇಳಿಬಿಡ್ತೀನಿ. ಒಂದು ಕಂಪನಿಗೆ ಪತ್ರ ತರ್ಜುಮೆ ಮಾಡಿಕೊಡ್ತಿದ್ದೆ. ‘ಟೂ ಬಿಲಿಯನ್’ ಅಂತಿತ್ತು. ಸುಮ್ನೆ ‘ದೋಸ್ ಬಿಯೋನೆಸ್’ ಅಂತ ಬರೆದು ಕಳಿಸಿದೆ. ಮ್ಯಾಡ್ರಿಡ್‌ನ ಗಿರಾಕಿ ಫೋನ್ ಮಾಡಿ, ಇದೇನು ಒಂದು ದೇಶದ ಬಜೆಟ್ಟಾ ಅಂತ ಕೇಳಿದ. ಇಂಗ್ಲಿಷಿನ ಬಿಲಿಯನ್ ನೂರು ಕೋಟಿ. ಅದಕ್ಕೆ ಅವರು ‘ಮಿಲ್ ಮಿಯೋನೆಸ್’, ಅಂದರೆ ಸಾವಿರ ಮಿಲಿಯನ್ ಅಂತಾರೆ. ಅವರ ‘ಬಿಯೋನ್’ ನಮ್ಮ ಲಕ್ಷ ಕೋಟಿ. 200 ಕೋಟಿಯನ್ನು 2 ಲಕ್ಷ ಕೋಟಿ ಮಾಡಿ ಕೂತಿದ್ದೆ! ಬ್ರಿಟನ್ನಿನಲ್ಲೂ ಹಿಂದೆ ಬಿಲಿಯನ್ ಅಂದರೆ ಲಕ್ಷ ಕೋಟಿಯೇ. 1974ರಲ್ಲಿ ಅಲ್ಲಿನ ಸರ್ಕಾರ ಅಮೆರಿಕದ ಲೆಕ್ಕಕ್ಕೆ ಬಂತು. ಸ್ಪೇನ್ ಬರಲಿಲ್ಲ. ಅವತ್ತಿಂದ ದೊಡ್ಡ ಅಂಕಿ ಕಂಡರೆ ಮೊದಲು ಕೋಟಿಯಲ್ಲಿ ಬರೆದುಕೊಳ್ತೀನಿ, ಆಮೇಲೆ ಸೊನ್ನೆ ಎಣಿಸ್ತೀನಿ. ನೀನೂ ಹಾಗೇ ಮಾಡು.

ಭಾನುವಾರ ಫೋನ್ ಮಾಡು. ಚೀಸ್ ಕೇಳಿದಾಗ ಅಂಗಡಿಯವನು ಏನಂದ ಅಂತ ಹೇಳಬೇಕು.

ಇಂತಿ,
ನಿನ್ನ ದೊಡ್ಡಪ್ಪ